ಹಳೆಯ ಡೆಕ್ಕಿಗೆ ಹೊಸ ಹಾಡು

ಅರಸೀಕೆರೆ ತಾಲ್ಲೂಕಿನ ಗಂಡಸಿ ಒಂದು ಹೋಬಳಿ ಕೇಂದ್ರ. ಆದರೆ ದಾರಿಹೋಕರಿಗೆ ಊರಿಗಿಂತ ಹೆಚ್ಚು ಪರಿಚಯವಿರುವುದು ಗಂಡಸಿ ಹ್ಯಾಂಡ್‌ಪೋಸ್ಟ್. ಅರಸೀಕೆರೆ, ಚನ್ನರಾಯಪಟ್ಟಣ, ಹಾಸನ, ತಿಪಟೂರುಗಳ ಕಡೆಗೆ ಹೋಗಿಬರುವ ವಾಹನಗಳು ಇಲ್ಲಿ ಒಂದರ ಮುಂದೊಂದು ಹಾಯುತ್ತವೆ. ತೆಂಗಿನಕಾಯಿ ಹೇರಿದ ಲಾರಿ, ಕೊಬ್ಬರಿ ಚೀಲ ತುಂಬಿದ ಗೂಡ್ಸ್ ಆಟೊ, ಹಳೇಬೀಡು-ಬೇಲೂರು ನೋಡಲು ಹೊರಟವರ ಬಾಡಿಗೆ ಕಾರು, ಹೊಲದಿಂದ ಮರಳುವ ಟ್ರ್ಯಾಕ್ಟರ್. ಇವುಗಳಲ್ಲಿ ಬಹುಪಾಲು ವಾಹನಗಳಿಗೆ ತಮ್ಮದೇ ಆದ ಹಾಡಿದೆ. ಒಂದರಿಂದ ರಾಜ್‌ಕುಮಾರ್ ದನಿ ಕೇಳಿದರೆ ಇನ್ನೊಂದರಿಂದ ಭಕ್ತಿಗೀತೆ, ಮತ್ತೊಂದರಿಂದ ನಿನ್ನೆ ಬಿಡುಗಡೆಯಾದ ಚಿತ್ರದ ಅಬ್ಬರ.

ಹಾಡು ಕೇಳುವವರು ಅದು ಬರುವ ದಾರಿಯ ಬಗ್ಗೆ ಸಾಮಾನ್ಯವಾಗಿ ಯೋಚಿಸುವುದಿಲ್ಲ. ಇಂದು ಹಾಡಿರುವುದು ಚಾಲಕನ ಜೇಬಿನ ಫೋನಿನಲ್ಲಿ. ಕೇಳುವುದು ಬಾಗಿಲಿನಲ್ಲಿ ಕೂರಿಸಿದ ಸ್ಪೀಕರಿನಲ್ಲಿ. ಇವೆರಡರ ನಡುವಿನ ಅಂತರ ಹೆಚ್ಚೆಂದರೆ ಎರಡು ಅಡಿ. ಆ ಎರಡು ಅಡಿಯನ್ನು ದಾಟಲು ಮನುಷ್ಯ ಎಷ್ಟೊಂದು ಉಪಾಯ ಹೂಡಿದ್ದಾನೆ ಎಂಬುದು ಸ್ವಾರಸ್ಯಕರ ಇತಿಹಾಸ. ಆ ಉಪಾಯಗಳಲ್ಲಿ ಹಲವು ನಮ್ಮ ಕಣ್ಣೆದುರಿಗೇ ಬಂದು, ನಮ್ಮ ಕಣ್ಣೆದುರಿಗೇ ಮರೆಯಾದವು. ಅವುಗಳ ಜೊತೆಗೆ ಇನ್ನೇನು ಮರೆಯಾಗುತ್ತಿದೆ ಎಂಬುದನ್ನೂ ಕೇಳಬೇಕಾದ ಕಾಲ ಇದು.

ವಾಹನ ಏರಿದ ಮೊದಲ ದನಿ

ಮೋಟಾರು ವಾಹನಕ್ಕೆ ಮೊದಲು ಬಂದದ್ದು ರೇಡಿಯೊ. ಅಮೆರಿಕದ ಗಾಲ್ವಿನ್ ಸೋದರರು 1930ರಲ್ಲಿ ಕಾರಿಗೆಂದೇ ತಯಾರಿಸಿದ ರೇಡಿಯೊ ವ್ಯಾಪಾರದಲ್ಲಿ ಗೆದ್ದಿತು. ಅದಕ್ಕೆ ಅವರಿಟ್ಟ ಹೆಸರು 'ಮೋಟೊರೋಲಾ'. ಮುಂದೆ ಕಂಪೆನಿಯ ಹೆಸರೂ ಅದೇ ಆಯಿತು. ಆಗಿನ ರೇಡಿಯೊಗಳು ಕವಾಟಗಳಿಂದ, ಅಂದರೆ ವಾಲ್ವ್‌ಗಳಿಂದ ನಡೆಯುತ್ತಿದ್ದವು. ಅವಕ್ಕೆ ಬ್ಯಾಟರಿ ಕೊಡುವುದಕ್ಕಿಂತ ಬಹಳ ಹೆಚ್ಚಿನ ವೋಲ್ಟೇಜ್ ಬೇಕಿತ್ತು. ಜೊತೆಗೆ ಎಂಜಿನ್ನಿನ ಸ್ಪಾರ್ಕ್ ಪ್ಲಗ್ ಕಿಡಿ ಹಾರಿಸಿದಾಗಲೆಲ್ಲ ರೇಡಿಯೊದಲ್ಲಿ ಕರಕರ ಸದ್ದು. ವಾಹನದ ವಿದ್ಯುತ್ತಿಗೂ ಸಂಗೀತಕ್ಕೂ ಇರುವ ಈ ಜಗಳ ಅಂದೇ ಶುರುವಾಯಿತು. ಅದು ಇಂದಿಗೂ ಪೂರ್ತಿ ಮುಗಿದಿಲ್ಲ.

1954ರಲ್ಲಿ ಟ್ರಾನ್ಸಿಸ್ಟರ್ ರೇಡಿಯೊ ಮಾರುಕಟ್ಟೆಗೆ ಬಂದ ಮೇಲೆ ಜನ ರೇಡಿಯೊವನ್ನು ಜೇಬಿನಲ್ಲಿಟ್ಟುಕೊಂಡು ತಿರುಗತೊಡಗಿದರು. ಕೈಯಲ್ಲಿರುವುದನ್ನೇ ಕಾರಿನಲ್ಲೂ ಕೇಳುವಂತಿದ್ದರೆ ಎಂಬ ಆಸೆ ಹುಟ್ಟಿದ್ದು ಸಹಜ. 1956ರಲ್ಲಿ ಕ್ರೈಸ್ಲರ್ ಕಂಪೆನಿ ಕಾರಿನೊಳಗೆ ಗ್ರಾಮಾಫೋನನ್ನೇ ಕೂರಿಸಿತು. ರಸ್ತೆಯ ಕುಲುಕಾಟದಲ್ಲಿ ಮುಳ್ಳು ಹಾರದಿರಲಿ ಎಂದು ನಿಧಾನವಾಗಿ ತಿರುಗುವ ವಿಶೇಷ ತಟ್ಟೆಗಳನ್ನು ಅದಕ್ಕಾಗಿ ಮಾಡಲಾಯಿತು. ಆ ತಟ್ಟೆಗಳು ಮನೆಯ ಗ್ರಾಮಾಫೋನಿಗೆ ಹೊಂದುತ್ತಿರಲಿಲ್ಲವಾಗಿ ಪ್ರಯೋಗ ಬಹುಕಾಲ ಬಾಳಲಿಲ್ಲ. 1958ರ ಓಲ್ಡ್ಸ್‌ಮೊಬೀಲ್ ಕಾರಿನಲ್ಲಿ ಇನ್ನೊಂದು ಉಪಾಯವಿತ್ತು. ಡ್ಯಾಶ್‌ಬೋರ್ಡಿನ ಗೂಡಿನಲ್ಲಿರುವ ರೇಡಿಯೊವನ್ನು ಎಳೆದು ತೆಗೆದರೆ ಅದೇ ಕೈರೇಡಿಯೊ, ಮತ್ತೆ ಒಳಗೆ ತಳ್ಳಿದರೆ ಕಾರ್ ರೇಡಿಯೊ. ಸಂಚಾರಿ ಸಾಧನವೊಂದನ್ನು ವಾಹನಕ್ಕೆ ಜೋಡಿಸುವ ಯೋಚನೆ ಅಷ್ಟು ಹಳೆಯದು.

ನಮ್ಮಲ್ಲಿ ರೇಡಿಯೊ ಇಟ್ಟುಕೊಳ್ಳಲು ಅಂಚೆ ಕಚೇರಿಯಲ್ಲಿ ಲೈಸೆನ್ಸ್ ಪಡೆಯಬೇಕಿದ್ದ ಕಾಲವನ್ನು ಹಿರಿಯರು ಮರೆತಿರಲಾರರು. 1980ರ ದಶಕದ ಮಧ್ಯದವರೆಗೂ ಆ ಪದ್ಧತಿ ಉಳಿದಿತ್ತು. ಊರಿಗೊಂದೆರಡು ಕಾರುಗಳಿದ್ದ ಕಾಲದಲ್ಲಿ ಕಾರಿನಲ್ಲಿ ರೇಡಿಯೊ ಎಂಬುದು ಶ್ರೀಮಂತರ ವಿಲಾಸವಾಗಿತ್ತೇ ಹೊರತು ಜನಸಾಮಾನ್ಯರ ಅನುಭವವಾಗಿರಲಿಲ್ಲ.

ಧ್ವನಿಸುರುಳಿಯ ದಿನಗಳು

ಈ ಚಿತ್ರ ಬದಲಾದದ್ದು ಕ್ಯಾಸೆಟ್ಟಿನಿಂದ. ಹಾಲೆಂಡಿನ ಫಿಲಿಪ್ಸ್ ಕಂಪೆನಿ 1963ರಲ್ಲಿ ಬರ್ಲಿನ್ ಪ್ರದರ್ಶನದಲ್ಲಿ ಅದನ್ನು ಮೊದಲು ತೋರಿಸಿತು. 3.81 ಮಿಲಿಮೀಟರ್ ಅಗಲದ ಟೇಪು, ಸೆಕೆಂಡಿಗೆ 4.76 ಸೆಂಟಿಮೀಟರ್ ಓಟ. ಒಂದು ಬದಿಗೆ ಅರ್ಧ ಗಂಟೆಯಂತೆ ಒಂದು ಗಂಟೆಯ ಕ್ಯಾಸೆಟ್ಟಿನಲ್ಲಿ ಸುಮಾರು 86 ಮೀಟರ್ ಟೇಪು ಸುತ್ತಿಕೊಂಡಿರುತ್ತದೆ. ಅಷ್ಟು ಉದ್ದದ ಹಾಡನ್ನು ಅಂಗಿ ಜೇಬಿನಲ್ಲಿ ಒಯ್ಯಬಹುದಿತ್ತು.

ಕನ್ನಡದಲ್ಲಿ ಕ್ಯಾಸೆಟ್ಟಿಗೆ 'ಧ್ವನಿಸುರುಳಿ' ಎಂಬ ಸೊಗಸಾದ ಹೆಸರು ಬಂತು. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ 'ನಿತ್ಯೋತ್ಸವ' 1978ರಲ್ಲಿ ಹೊರಬಂದು, ಭಾವಗೀತೆಗೆ ಕ್ಯಾಸೆಟ್ ಎಂಬ ಹೊಸ ಮನೆ ಕಟ್ಟಿಕೊಟ್ಟಿತು. ಮುಂದಿನ ಹತ್ತು ಹದಿನೈದು ವರ್ಷಗಳಲ್ಲಿ ಸಂಗೀತಾ, ಲಹರಿಯಂಥ ಕಂಪೆನಿಗಳ ಕ್ಯಾಸೆಟ್ಟುಗಳು ಸಂತೆ, ಜಾತ್ರೆ, ಬಸ್ ನಿಲ್ದಾಣದ ಅಂಗಡಿಗಳನ್ನು ತುಂಬಿದವು. ಸಿನಿಮಾ ಹಾಡಷ್ಟೇ ಅಲ್ಲ, ಹರಿಕಥೆ, ನಾಟಕ, ದೇವರ ಸ್ತೋತ್ರ, ಜನಪದ ಗೀತೆ ಎಲ್ಲವೂ ಸುರುಳಿಯಾದವು. ಲಾರಿ, ಟೆಂಪೊ, ಟ್ಯಾಕ್ಸಿಗಳಿಗೆ 'ಡೆಕ್' ಬಂತು. ಮಾಡಾಳು ಗೌರಮ್ಮನ ಜಾತ್ರೆಗೋ ಜೇನುಕಲ್ಲು ಬೆಟ್ಟಕ್ಕೋ ಹೊರಟ ಟ್ರ್ಯಾಕ್ಟರುಗಳೂ ಹಾಡಿಕೊಂಡೇ ಹೋಗತೊಡಗಿದವು.

ಇಲ್ಲಿ ಒಂದು ಅಂಶವನ್ನು ಗಮನಿಸಬೇಕು. ಕ್ಯಾಸೆಟ್ಟಿನ ಕಾಲದಲ್ಲಿ 'ಜೋಡಿಸುವ' ಸಮಸ್ಯೆಯೇ ಇರಲಿಲ್ಲ. ಮನೆಯ ಟೇಪ್ ರೆಕಾರ್ಡರಿನಿಂದ ಕ್ಯಾಸೆಟ್ ತೆಗೆದು ವಾಹನದ ಡೆಕ್ಕಿಗೆ ತುರುಕಿದರೆ ಆಯಿತು. 1979ರ ಜುಲೈಯಲ್ಲಿ ಸೋನಿ ಕಂಪೆನಿ ವಾಕ್‌ಮನ್ ತಂದಾಗಲೂ ಅಷ್ಟೆ. ಸೊಂಟದ ಪೆಟ್ಟಿಗೆಗೂ ಕಾರಿನ ಪೆಟ್ಟಿಗೆಗೂ ತಿನ್ನಲು ಒಂದೇ ಬುತ್ತಿ. ಹಾಡಿನ ಬುತ್ತಿ ಬದಲಾಗಿ, ತಿನ್ನುವ ಬಾಯಿ ಮಾತ್ರ ಹಳೆಯದಾಗಿಯೇ ಉಳಿದಾಗ ತೊಡಕು ಆರಂಭವಾಯಿತು. 1982ರಲ್ಲಿ ಸಿ.ಡಿ. ಬಂತು. 1984ರಲ್ಲಿ ಕೈಯಲ್ಲಿ ಹಿಡಿದೊಯ್ಯುವ ಸಿ.ಡಿ. ಪ್ಲೇಯರೂ ಬಂತು. ಆದರೆ ಕಾರನ್ನು ಯಾರೂ ಎರಡು ವರ್ಷಕ್ಕೊಮ್ಮೆ ಬದಲಿಸುವುದಿಲ್ಲವಲ್ಲ! ಡೆಕ್ಕಿಗೆ ಬಾಯಿ ಒಂದೇ, ಅದು ನುಂಗುವುದು ಕ್ಯಾಸೆಟ್ಟನ್ನು ಮಾತ್ರ. ಹೊಸ ಹಾಡು ಒಳಗೆ ಹೋಗಬೇಕಾದರೆ ಕ್ಯಾಸೆಟ್ಟಿನ ವೇಷ ತೊಡಲೇಬೇಕಾಯಿತು.

ಟೇಪಿಲ್ಲದ ಕ್ಯಾಸೆಟ್

ಕ್ಯಾಸೆಟ್ ಅಡಾಪ್ಟರ್ ಎಂಬ ಈ ವೇಷಧಾರಿಯನ್ನು ಹಲವರು ನೋಡಿರಬಹುದು. ಆಕಾರದಲ್ಲಿ ಥೇಟ್ ಕ್ಯಾಸೆಟ್, ಆದರೆ ಒಳಗೆ ಟೇಪಿಲ್ಲ. ಬದಿಯಿಂದ ಒಂದು ತಂತಿ ಹೊರಟು ಸಿ.ಡಿ. ಪ್ಲೇಯರಿಗೋ ಫೋನಿಗೋ ಸೇರುತ್ತದೆ. ಟೇಪೇ ಇಲ್ಲದೆ ಡೆಕ್ ಹಾಡುವುದಾದರೂ ಹೇಗೆ?

ಉತ್ತರ ತಿಳಿಯಬೇಕಾದರೆ ಡೆಕ್ ಮಾಡುವ ಕೆಲಸವನ್ನು ನೋಡಬೇಕು. ಟೇಪಿನ ಮೇಲೆ ಕಬ್ಬಿಣದ ಆಕ್ಸೈಡಿನಂಥ ಪುಡಿಯ ಲೇಪನವಿರುತ್ತದೆ. ಹಾಡನ್ನು ಮುದ್ರಿಸುವುದೆಂದರೆ ಆ ಪುಡಿಯನ್ನು ಹೆಚ್ಚುಕಡಿಮೆ ಪ್ರಮಾಣದಲ್ಲಿ ಅಯಸ್ಕಾಂತವನ್ನಾಗಿ ಮಾಡುವುದು. ಟೇಪು ಡೆಕ್ಕಿನ 'ಹೆಡ್' ಎಂಬ ಭಾಗದ ಮುಂದೆ ಸರಿಯುವಾಗ ಈ ಕಾಂತಶಕ್ತಿಯ ಏರಿಳಿತ ಹೆಡ್ಡಿನೊಳಗಿನ ತಂತಿಸುರುಳಿಯಲ್ಲಿ ಅತಿ ಸಣ್ಣ ವಿದ್ಯುತ್ತನ್ನು ಹುಟ್ಟಿಸುತ್ತದೆ. ಆಂಪ್ಲಿಫೈಯರ್ ಅದನ್ನು ಹಿಗ್ಗಿಸಿ ಸ್ಪೀಕರಿಗೆ ಕೊಡುತ್ತದೆ. ಅಂದರೆ ಹೆಡ್ಡಿಗೆ ಬೇಕಾದುದು ಟೇಪಲ್ಲ, ಎದುರಿನಲ್ಲಿ ಏರಿಳಿಯುವ ಕಾಂತಕ್ಷೇತ್ರ. ಅದು ಎಲ್ಲಿಂದ ಬಂತೆಂದು ಹೆಡ್ ವಿಚಾರಿಸುವುದಿಲ್ಲ.

ಅಡಾಪ್ಟರಿನಲ್ಲಿ ಟೇಪು ಇರಬೇಕಾದ ಜಾಗದಲ್ಲಿ ಇನ್ನೊಂದು ಹೆಡ್ಡನ್ನೇ ಕೂರಿಸಿರುತ್ತಾರೆ. ಫೋನಿನಿಂದ ಬಂದ ವಿದ್ಯುತ್ ಸಂಕೇತವನ್ನು ಅದು ಕಾಂತಕ್ಷೇತ್ರವಾಗಿ ಬದಲಿಸುತ್ತದೆ. ಡೆಕ್ಕಿನ ಹೆಡ್ ಅದನ್ನು ಮತ್ತೆ ವಿದ್ಯುತ್ತಾಗಿ ಓದಿಕೊಳ್ಳುತ್ತದೆ. ಎರಡು ಹೆಡ್ಡುಗಳು ಮುಖಕ್ಕೆ ಮುಖ ಕೊಟ್ಟು ಪಿಸುಗುಟ್ಟಿದಂತೆ. ಆದರೆ ಅಷ್ಟೇ ಸಾಲದು. ಕ್ಯಾಸೆಟ್ಟಿನ ಚಕ್ರ ತಿರುಗುವುದು ನಿಂತರೆ ಟೇಪು ಮುಗಿಯಿತೆಂದೋ ಸಿಕ್ಕಿಕೊಂಡಿತೆಂದೋ ಬಗೆದು ಎಷ್ಟೋ ಡೆಕ್ಕುಗಳು ತಾವೇ ನಿಂತುಬಿಡುತ್ತವೆ, ಇಲ್ಲವೇ ಬದಿ ಬದಲಿಸುತ್ತವೆ. ಆದ್ದರಿಂದ ಅಡಾಪ್ಟರಿನೊಳಗೆ ಪುಟ್ಟ ಹಲ್ಲುಚಕ್ರಗಳಿದ್ದು, ಟೇಪು ಓಡುತ್ತಿದೆ ಎಂಬ ಭ್ರಮೆಯನ್ನು ಹುಟ್ಟಿಸುತ್ತವೆ. ಅಡಾಪ್ಟರ್ ಹಾಕಿದಾಗ ಕೇಳುವ ಸಣ್ಣ ಟಿಕ್‌ಟಿಕ್ ಸದ್ದು ಈ ಚಕ್ರಗಳದು.

ಎರಡು ಹೆಡ್ಡುಗಳು ಕೂದಲೆಳೆಯಷ್ಟು ಓರೆಯಾದರೂ ಮೊದಲು ಮಾಯವಾಗುವುದು ತಾರಕ ಸ್ವರಗಳು. ತಾಳ, ಗೆಜ್ಜೆಗಳ ಮಿಂಚು ಹೋಗಿ ಹಾಡು ಕಂಬಳಿಯೊಳಗಿಂದ ಬಂದಂತೆ ಕೇಳುತ್ತದೆ. ಅಡಾಪ್ಟರನ್ನು ಒಮ್ಮೆ ತೆಗೆದು ಸರಿಯಾಗಿ ಕೂರಿಸಿದರೆ, ಡೆಕ್ಕಿನ ಹೆಡ್ಡನ್ನು ಒರೆಸಿದರೆ ಎಷ್ಟೋ ಬಾರಿ ದನಿ ತಿಳಿಯಾಗುವುದಕ್ಕೆ ಇದೇ ಕಾರಣ.

ಅಂಗೈಯಗಲದ ಬಾನುಲಿ ಕೇಂದ್ರ

ಕ್ಯಾಸೆಟ್ ಡೆಕ್ ಇಲ್ಲದ, ರೇಡಿಯೊ ಮಾತ್ರ ಇರುವ ವಾಹನಗಳಿಗೆ ಇನ್ನೊಂದು ವೇಷ ಬೇಕಾಯಿತು. ಅದು ಎಫ್.ಎಂ. ಟ್ರಾನ್ಸ್‌ಮಿಟರ್. ಸಿಗರೇಟ್ ಹಚ್ಚುವ ಸಾಕೆಟ್ಟಿಗೆ ಸಿಕ್ಕಿಸುವ ಹೆಬ್ಬೆರಳಿನಷ್ಟು ದಪ್ಪದ ಈ ಸಾಧನ ನಿಜಾರ್ಥದಲ್ಲಿ ಒಂದು ಬಾನುಲಿ ಕೇಂದ್ರವೇ. ಫೋನಿನ ಹಾಡನ್ನು ಅದು ರೇಡಿಯೊ ತರಂಗವಾಗಿ ಬಿತ್ತರಿಸುತ್ತದೆ. ವಾಹನದ ರೇಡಿಯೊ ಅದನ್ನು ಹಿಡಿಯುತ್ತದೆ. ವ್ಯಾಪ್ತಿ ಮಾತ್ರ ಕೆಲವೇ ಮೀಟರು. 1935ರಲ್ಲಿ ಎಂ.ವಿ. ಗೋಪಾಲಸ್ವಾಮಿ ಅವರು ಮೈಸೂರಿನ ತಮ್ಮ ಮನೆಯಲ್ಲಿ ಬಾನುಲಿ ಕೇಂದ್ರ ಆರಂಭಿಸಿದರು. 'ಆಕಾಶವಾಣಿ' ಎಂಬ ಹೆಸರು ದೇಶಕ್ಕೆ ಬಂದದ್ದು ಅಲ್ಲಿಂದಲೇ. ಅಂದು ಒಂದು ಮನೆಯ ಸಾಹಸವಾಗಿದ್ದುದು ಇಂದು ಡ್ಯಾಶ್‌ಬೋರ್ಡಿನ ಮೂಲೆ ಸೇರಿದೆ.

ಇದನ್ನು ಬಳಸುವವರಿಗೆಲ್ಲ ಒಂದು ತಾಪತ್ರಯದ ಪರಿಚಯವಿರುತ್ತದೆ. ಊರಿನಿಂದ ಹೊರಟಾಗ ಚೆನ್ನಾಗಿದ್ದ ಹಾಡು ದಾರಿಯ ನಡುವೆ ಕರಕರ ಎನ್ನುತ್ತದೆ, ಇದ್ದಕ್ಕಿದ್ದಂತೆ ಯಾರೋ ವಾರ್ತೆ ಓದತೊಡಗುತ್ತಾರೆ. ಇದರ ಗುಟ್ಟು ಎಫ್.ಎಂ.ನ ಸ್ವಭಾವದಲ್ಲಿದೆ. ನಮ್ಮಲ್ಲಿ ಎಫ್.ಎಂ. ಕೇಂದ್ರಗಳಿಗೆ 88ರಿಂದ 108 ಮೆಗಾಹರ್ಟ್ಸ್‌ವರೆಗಿನ ಜಾಗ ಮೀಸಲು. ಒಂದೇ ಕಂಪನಾಂಕದಲ್ಲಿ ಎರಡು ದನಿಗಳು ಬಂದರೆ ಎಫ್.ಎಂ. ರೇಡಿಯೊ ಎರಡನ್ನೂ ಕಲಸುವುದಿಲ್ಲ, ಬಲವಾದುದನ್ನು ಹಿಡಿದು ದುರ್ಬಲವಾದುದನ್ನು ಕೈಬಿಡುತ್ತದೆ. ಎರಡೂ ಸಮಬಲವಾದಾಗ ಮಾತ್ರ ಅದು ಇಬ್ಬರ ನಡುವೆ ಹೊಯ್ದಾಡುತ್ತದೆ.

ಆಕಾಶವಾಣಿ ಹಾಸನ ಕೇಳಿಬರುವುದು 102.2 ಮೆಗಾಹರ್ಟ್ಸ್‌ನಲ್ಲಿ. ಟ್ರಾನ್ಸ್‌ಮಿಟರನ್ನೂ ಅದೇ ಸಂಖ್ಯೆಗೆ ಇಟ್ಟುಕೊಂಡು ಹಾಸನದತ್ತ ಹೊರಟವನಿಗೆ ಊರು ಹತ್ತಿರವಾದಂತೆ ತನ್ನ ಹಾಡು ಕೈತಪ್ಪುವುದು ಖಂಡಿತ. 2001ರ ಜುಲೈಯಲ್ಲಿ ಬೆಂಗಳೂರಿನಲ್ಲಿ ದೇಶದ ಮೊದಲ ಖಾಸಗಿ ಎಫ್.ಎಂ. ಕೇಂದ್ರ ಆರಂಭವಾಯಿತು. ಅದರ ನಂತರ ರಾಜಧಾನಿಯ ಆಕಾಶದಲ್ಲಿ ಖಾಲಿ ಜಾಗ ಕಡಿಮೆಯಾಗುತ್ತ ಬಂದಿದೆ. ಅರಸೀಕೆರೆಯ ಬಯಲಿನಲ್ಲಿ ಅಂಥ ಇಕ್ಕಟ್ಟಿಲ್ಲ. ಬೆಂಗಳೂರಿನಿಂದ ಹಳೇಬೀಡಿಗೆ ಪ್ರವಾಸಿಗರನ್ನು ಕರೆತರುವ ಚಾಲಕ ದಾರಿಯಲ್ಲಿ ಒಂದೆರಡು ಸಲ ಸಂಖ್ಯೆ ಬದಲಿಸಬೇಕಾಗುವುದು ಇದರಿಂದಲೇ. ಪರಿಹಾರ ಸುಲಭ. ರೇಡಿಯೊವನ್ನು ತಿರುವುತ್ತ ಹೋಗಿ, ಬರೀ ಸೊಂಯ್ ಎನ್ನುವ ಖಾಲಿ ಜಾಗವನ್ನು ಮೊದಲು ಹುಡುಕಬೇಕು. ಅದರ ಅಕ್ಕಪಕ್ಕದಲ್ಲಿಯೂ ಕೇಂದ್ರ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಟ್ರಾನ್ಸ್‌ಮಿಟರನ್ನು ಆ ಸಂಖ್ಯೆಗೆ ಇಡಬೇಕು.

ನೇರ ತಂತಿ, ಕೀರಲು ದನಿ

ವೇಷಗಳ ಕಾಲ ಮುಗಿದು, ಕಾರು ತಯಾರಕರೇ ಬಾಗಿಲು ತೆರೆದದ್ದು 'ಆಕ್ಸ್' ಎಂಬ ತೂತಿನ ಮೂಲಕ. 2001ರ ಅಕ್ಟೋಬರಿನಲ್ಲಿ ಆಪಲ್ ಕಂಪೆನಿಯ ಐಪಾಡ್ ಬಂದ ಮೇಲೆ, ನೂರಾರು ಹಾಡುಗಳನ್ನು ಜೇಬಿನಲ್ಲಿಟ್ಟುಕೊಂಡವರು ಕಾರಿನಲ್ಲೂ ಅವನ್ನೇ ಕೇಳಬೇಕೆಂದರು. 3.5 ಮಿಲಿಮೀಟರಿನ ಆ ಪುಟ್ಟ ಪಿನ್ನಿನ ವಂಶ ಬಹು ಹಳೆಯದು. ಹತ್ತೊಂಬತ್ತನೆಯ ಶತಮಾನದ ಟೆಲಿಫೋನ್ ಎಕ್ಸ್‌ಚೇಂಜುಗಳಲ್ಲಿ ಕರೆಗಳನ್ನು ಜೋಡಿಸಲು ಬಳಸುತ್ತಿದ್ದ ದಪ್ಪ ಪಿನ್ನಿನ ಮರಿಮಗ ಅದು. ಪಿನ್ನಿನ ಮೈಮೇಲಿನ ಕಪ್ಪು ಗೆರೆಗಳು ಅದನ್ನು ಭಾಗ ಮಾಡುತ್ತವೆ. ತುದಿ ಎಡಗಡೆಯ ದನಿಗೆ, ಉಂಗುರ ಬಲಗಡೆಯ ದನಿಗೆ, ಬುಡ ಎರಡಕ್ಕೂ ಸಾಮಾನ್ಯ. ಮೂರು ಗೆರೆಗಳಿದ್ದರೆ ನಾಲ್ಕನೆಯ ಭಾಗ ಮೈಕಿನದು.

ಈ ದಾರಿಯಲ್ಲಿ ದನಿ ಸ್ವಚ್ಛವಾಗಿ ಹರಿಯುತ್ತದೆ. ಆದರೂ ಕೆಲವರ ವಾಹನದಲ್ಲಿ ಹಾಡಿನ ಹಿಂದೆ ಸೊಳ್ಳೆಯಂಥ ಕೀರಲು ದನಿ. ಆಕ್ಸಿಲರೇಟರ್ ಒತ್ತಿದರೆ ಅದರ ಸ್ವರವೂ ಏರುತ್ತದೆ! ಸ್ಟೀರಿಯೊ ಕೆಟ್ಟಿತೆಂದು ಬಗೆದು ಹಣ ಕಳೆದುಕೊಂಡವರಿದ್ದಾರೆ. ಕಾರಣವಿಷ್ಟೆ: ವಾಹನದ ಬ್ಯಾಟರಿಯನ್ನು ತುಂಬಿಸುವ ಆಲ್ಟರ್ನೇಟರ್ ಎಂಜಿನ್ನಿನ ಜೊತೆಗೇ ತಿರುಗುತ್ತದೆ. ಅದು ಕೊಡುವ ವಿದ್ಯುತ್ತಿನಲ್ಲಿ ಸಣ್ಣ ಅಲೆಗಳಿರುತ್ತವೆ. ಫೋನನ್ನು ಅದೇ ವಾಹನದ ಚಾರ್ಜರಿಗೂ ಸಿಕ್ಕಿಸಿ, ಆಕ್ಸ್ ತಂತಿಗೂ ಸಿಕ್ಕಿಸಿದಾಗ ಫೋನಿನಿಂದ ವಾಹನದ ಬಾಡಿಗೆ, ಅಂದರೆ 'ಅರ್ತ್'ಗೆ, ಎರಡು ದಾರಿಗಳಾಗುತ್ತವೆ. ಈ ಎರಡು ದಾರಿಗಳ ಸುತ್ತಿನಲ್ಲಿ ಆಲ್ಟರ್ನೇಟರಿನ ಅಲೆ ಸುಳಿದಾಡಿ ಹಾಡಿನೊಳಗೆ ನುಸುಳುತ್ತದೆ. 1930ರ ಸ್ಪಾರ್ಕ್ ಪ್ಲಗ್ಗಿನ ಕರಕರಕ್ಕೆ ಇದು ದಾಯಾದಿ.

ಪರೀಕ್ಷೆ ಯಾರು ಬೇಕಾದರೂ ಮಾಡಬಹುದು. ಹಾಡು ನಡೆಯುತ್ತಿರುವಾಗಲೇ ಚಾರ್ಜರನ್ನು ಕಿತ್ತುಬಿಡಿ. ಕೀರಲು ನಿಂತರೆ ಸ್ಟೀರಿಯೊ ತಪ್ಪಿತಸ್ಥನಲ್ಲ. ಆಕ್ಸ್ ತಂತಿಯ ನಡುವೆ ಸಣ್ಣ ಟ್ರಾನ್ಸ್‌ಫಾರ್ಮರ್ ಇರುವ ಐಸೊಲೇಟರ್ ಹಾಕಿದರೆ ಹಾಡು ದಾಟುತ್ತದೆ, ಅರ್ತ್ ಸುತ್ತು ಮುರಿಯುತ್ತದೆ.

ಹೊಸ ಸ್ಟೀರಿಯೊ ಹಾಕಿಸುವವರು ಇನ್ನೆರಡು ಸಂಗತಿ ತಿಳಿದಿರುವುದು ಮೇಲು. ಸಾಮಾನ್ಯವಾಗಿ ಸ್ಟೀರಿಯೊದ ಹಳದಿ ತಂತಿ ಬ್ಯಾಟರಿಯಿಂದ ಸದಾ ವಿದ್ಯುತ್ ಪಡೆಯುವುದು, ಕೆಂಪು ತಂತಿ ಕೀಲಿ ತಿರುಗಿಸಿದಾಗ ಮಾತ್ರ, ಕಪ್ಪು ತಂತಿ ಅರ್ತ್. ಹಳದಿ ಮತ್ತು ಕೆಂಪು ಅದಲುಬದಲಾದರೆ ಕೀಲಿ ತೆಗೆದಾಗಲೆಲ್ಲ ಸ್ಟೀರಿಯೊ ತನ್ನ ನೆನಪು ಕಳೆದುಕೊಳ್ಳುತ್ತದೆ. ಎರಡನ್ನೂ ಸೇರಿಸಿ ಬ್ಯಾಟರಿಗೇ ಕೊಟ್ಟರೆ, ಸ್ಟೀರಿಯೊ ಆರಿಸಲು ಮರೆತ ರಾತ್ರಿ ಬ್ಯಾಟರಿ ಬರಿದಾಗುತ್ತದೆ. ಎರಡನೆಯದು, ಕಾರು 12 ವೋಲ್ಟಿನದು, ಆದರೆ ದೊಡ್ಡ ಲಾರಿ, ಬಸ್ಸುಗಳು ಸಾಮಾನ್ಯವಾಗಿ 24 ವೋಲ್ಟಿನವು. ಕಾರಿನ ಸ್ಟೀರಿಯೊವನ್ನು ಲಾರಿಗೆ ನೇರವಾಗಿ ಜೋಡಿಸಿದರೆ ಸುಟ್ಟುಹೋಗುತ್ತದೆ. ಎರಡು ಬ್ಯಾಟರಿಗಳಲ್ಲಿ ಒಂದರಿಂದ ಮಾತ್ರ ಎಳೆದುಕೊಂಡರೆ ಆ ಜೋಡಿಯ ಸಮತೋಲ ಕೆಡುತ್ತದೆ. 24ನ್ನು 12ಕ್ಕೆ ಇಳಿಸುವ ಕನ್ವರ್ಟರ್ ಬಳಸುವುದೇ ಸರಿಯಾದ ದಾರಿ. ಏನೇ ಮಾಡಿದರೂ ಫ್ಯೂಸ್ ಇಲ್ಲದ ಜೋಡಣೆ ಬೇಡ. ಬಳ್ಳಿ ಬಳ್ಳಿಯಾಗಿ ತೂಗುವ ತಂತಿಯ ಕಿಡಿಯಿಂದ ವಾಹನಕ್ಕೇ ಬೆಂಕಿ ಹತ್ತಬಹುದು.

ಅಂಕಿಯಾದ ಹಾಡು

ಇಲ್ಲಿಯವರೆಗೆ ತಂತಿಯಲ್ಲಿ ಹರಿದದ್ದು ದನಿಯ ಅಲೆ. ಪೆನ್ ಡ್ರೈವ್ ಬಂದ ಮೇಲೆ ಹರಿಯುವುದು ಅಂಕಿಗಳು. ಎಂಪಿ-3 ಎಂಬ ಪದ್ಧತಿ ಕಿವಿ ಅಷ್ಟಾಗಿ ಗಮನಿಸದ ಅಂಶಗಳನ್ನು ಕೈಬಿಟ್ಟು ಹಾಡನ್ನು ಸಣ್ಣ ಗಂಟಾಗಿ ಕಟ್ಟುತ್ತದೆ. ಸಾಧಾರಣ ಗುಣಮಟ್ಟದಲ್ಲಿ ಒಂದು ನಿಮಿಷದ ಹಾಡಿಗೆ ಸುಮಾರು ಒಂದು ಮೆಗಾಬೈಟ್ ಸಾಕು. ಆ ಲೆಕ್ಕದಲ್ಲಿ ಒಂದು ಸಿ.ಡಿ.ಯಲ್ಲಿ ಹನ್ನೆರಡು ಗಂಟೆಯ, 4 ಗಿಗಾಬೈಟಿನ ಪೆನ್ ಡ್ರೈವಿನಲ್ಲಿ ಸುಮಾರು ಎಪ್ಪತ್ತು ಗಂಟೆಯ ಹಾಡು ಹಿಡಿಯುತ್ತದೆ. ಎಪ್ಪತ್ತು ಕ್ಯಾಸೆಟ್ಟುಗಳ ಗೂಡು ಕಿರುಬೆರಳಿನಷ್ಟಾಯಿತು. ಪಟ್ಟಣಗಳ ಮೊಬೈಲ್ ಅಂಗಡಿಗಳಲ್ಲಿ ಪೆನ್ ಡ್ರೈವಿಗೆ ಹಾಡು ತುಂಬಿಸಿಕೊಡುವ ವ್ಯಾಪಾರವೇ ಬೆಳೆಯಿತು. ಹಾಡು ಕಟ್ಟಿದವರಿಗೆ ಅದರಿಂದ ಬಿಡಿಗಾಸೂ ಬರಲಿಲ್ಲ ಎಂಬುದು ಬೇರೆ ಮಾತು.

ಪೆನ್ ಡ್ರೈವ್ ಓದದ ಸ್ಟೀರಿಯೊ ಬಗ್ಗೆ ದೂರುವವರು ಹೆಚ್ಚು. ಅನೇಕ ವೇಳೆ ದೋಷವಿರುವುದು ಪೆನ್ ಡ್ರೈವನ್ನು ಸಿದ್ಧಗೊಳಿಸಿದ ಕ್ರಮದಲ್ಲಿ. ಹಳೆಯ ಸ್ಟೀರಿಯೊಗಳಿಗೆ ಫ್ಯಾಟ್-32 ಎಂಬ ಹಳೆಯ ಕಡತ ವ್ಯವಸ್ಥೆ ಮಾತ್ರ ಅರ್ಥವಾಗುತ್ತದೆ. ಕಂಪ್ಯೂಟರಿನಲ್ಲಿ ಆ ಕ್ರಮಕ್ಕೆ ಬದಲಿಸಿ ಹಾಡು ತುಂಬಿದರೆ ಸುಮ್ಮನಿದ್ದ ಸ್ಟೀರಿಯೊ ಬಾಯಿ ಬಿಡುತ್ತದೆ. ಕನ್ನಡಿಗರಿಗೆ ಇನ್ನೊಂದು ಸಂಕಟ. ಹಾಡಿನ ಹೆಸರನ್ನು ಕನ್ನಡದಲ್ಲಿ ಬರೆದಿದ್ದರೆ ಎಷ್ಟೋ ಸ್ಟೀರಿಯೊಗಳ ಪರದೆಯ ಮೇಲೆ ಬರೀ ಚೌಕಗಳು ಮೂಡುತ್ತವೆ. ಅವುಗಳಲ್ಲಿ ಕನ್ನಡದ ಅಕ್ಷರಗಳನ್ನೇ ಅಳವಡಿಸಿರುವುದಿಲ್ಲ. ಹಾಡು ಕನ್ನಡದ್ದಾದರೂ ಹೆಸರು ಇಂಗ್ಲಿಷಿನಲ್ಲಿರಬೇಕು. ನಮ್ಮ ರಸ್ತೆಗಳಲ್ಲೇ ಓಡುವ ವಾಹನಗಳಲ್ಲಿ ನಮ್ಮ ಲಿಪಿಗೆ ಜಾಗವಿಲ್ಲದಿರುವುದು ಯೋಚಿಸಬೇಕಾದ ಸಂಗತಿ.

ರಾಜನ ಹೆಸರಿನ ಅದೃಶ್ಯ ತಂತಿ

ಈಗಿನ ಕಾಲ ಬ್ಲೂಟೂತಿನದು. ಸ್ವೀಡನ್ನಿನ ಎರಿಕ್ಸನ್ ಕಂಪೆನಿಯಲ್ಲಿ 1994ರಲ್ಲಿ ಇದರ ಕೆಲಸ ಶುರುವಾಯಿತು. ಹತ್ತನೆಯ ಶತಮಾನದಲ್ಲಿ ಡೆನ್ಮಾರ್ಕಿನ ಜನರನ್ನು ಒಗ್ಗೂಡಿಸಿದ ಹೆರಾಲ್ಡ್ ಎಂಬ ರಾಜನ ಅಡ್ಡಹೆಸರು 'ನೀಲಿ ಹಲ್ಲು'. ಬೇರೆ ಬೇರೆ ಯಂತ್ರಗಳನ್ನು ಒಗ್ಗೂಡಿಸುವ ತಂತ್ರಕ್ಕೆ ಅದೇ ಹೆಸರಿಟ್ಟರು. ಇದೂ ರೇಡಿಯೊ ತರಂಗವೇ, ಆದರೆ 2.4 ಗಿಗಾಹರ್ಟ್ಸ್ ಆಸುಪಾಸಿನದು. ಎಫ್.ಎಂ. ಟ್ರಾನ್ಸ್‌ಮಿಟರ್ ಒಂದೇ ಜಾಗದಲ್ಲಿ ನಿಂತು ಒದೆ ತಿನ್ನುತ್ತದೆ. ಬ್ಲೂಟೂತ್ ಹಾಗಲ್ಲ. ಅದು 79 ಪುಟ್ಟ ದಾರಿಗಳ ನಡುವೆ ಸೆಕೆಂಡಿಗೆ 1600 ಬಾರಿ ಜಿಗಿಯುತ್ತದೆ. ಒಂದು ದಾರಿಯಲ್ಲಿ ಗದ್ದಲವಿದ್ದರೆ ಮರುಕ್ಷಣ ಇನ್ನೊಂದರಲ್ಲಿರುತ್ತದೆ. ಮೊದಲೇ ಪರಿಚಯ ಮಾಡಿಕೊಂಡ ಎರಡು ಯಂತ್ರಗಳಿಗೆ ಮಾತ್ರ ಜಿಗಿತದ ಕ್ರಮ ಗೊತ್ತಿರುವುದರಿಂದ ಪಕ್ಕದ ಕಾರಿನ ಹಾಡು ನಮ್ಮ ಕಾರಿಗೆ ಬರುವುದಿಲ್ಲ.

ಹಳೆಯ ವಾಹನದವರೂ ಇದರಿಂದ ಹೊರಗಿಲ್ಲ. ಆಕ್ಸ್ ತೂತಿಗೆ ಸಿಕ್ಕಿಸುವ ಬ್ಲೂಟೂತ್ ಪೆಟ್ಟಿಗೆಗಳಿವೆ. ಫೋನಿನಿಂದ ಬ್ಲೂಟೂತ್ ಹಿಡಿದು, ಅದನ್ನು ಎಫ್.ಎಂ. ಮಾಡಿ ರೇಡಿಯೊಗೆ ಕೊಡುವ ಸಾಧನಗಳೂ ಇವೆ. ವೇಷದ ಮೇಲೊಂದು ವೇಷ!

ಅನುಕೂಲ ಹೆಚ್ಚಿದಂತೆ ಹೊಣೆಯೂ ಹೆಚ್ಚುತ್ತದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯು ವಾಹನ ನಡೆಸುತ್ತ ಕೈಯಲ್ಲಿ ಫೋನ್ ಹಿಡಿದು ಬಳಸುವುದನ್ನು ಅಪಾಯಕಾರಿ ಚಾಲನೆ ಎಂದೇ ಎಣಿಸುತ್ತದೆ. ಹಾಡು ಹುಡುಕುವ ಕೆಲಸ ಹೊರಡುವ ಮೊದಲೇ ಮುಗಿಯಬೇಕು. 2021ರ ನವೆಂಬರಿನಲ್ಲಿ ಕೆ.ಎಸ್.ಆರ್.ಟಿ.ಸಿ. ತನ್ನ ಬಸ್ಸುಗಳಲ್ಲಿ ಪ್ರಯಾಣಿಕರು ಫೋನಿನ ಸ್ಪೀಕರಿನಲ್ಲಿ ಜೋರಾಗಿ ಹಾಡು ಹಾಕುವುದನ್ನು ನಿಷೇಧಿಸಿತು. ಒಬ್ಬರ ಹಾಡು ಇನ್ನೊಬ್ಬರ ತಲೆನೋವಾಗಬಾರದಷ್ಟೆ.

ಮರಳಿ ಬಾರದ ಹಾಡುಗಳು

ಕಾರ್ಖಾನೆಯಿಂದಲೇ ಕ್ಯಾಸೆಟ್ ಡೆಕ್ ಹೊತ್ತು ಅಮೆರಿಕದ ಮಾರುಕಟ್ಟೆಗೆ ಬಂದ ಕಡೆಯ ಕಾರು 2010ರ ಮಾದರಿಯದು. 2016ರಲ್ಲಿ ಐಫೋನಿನಿಂದ ಆಕ್ಸ್ ಪಿನ್ನಿನ ತೂತೇ ಮಾಯವಾಯಿತು, ಬೇರೆ ಕಂಪೆನಿಗಳು ಹಿಂಬಾಲಿಸಿದವು. ಹೀಗೆ ಪ್ರತಿಯೊಂದು ಜೋಡಣೆಯೂ ಕೆಲಕಾಲ ಮೆರೆದು ನಿವೃತ್ತಿಯಾಗುತ್ತದೆ. ಇದರಿಂದ ಸಿನಿಮಾ ಹಾಡಿಗೆ ನಷ್ಟವಿಲ್ಲ. ಹಳೆಯ ಕ್ಯಾಸೆಟ್ ಬಿಸಾಡಿದರೂ ಅದೇ ಹಾಡು ಅಂತರ್ಜಾಲದಲ್ಲಿ ದೊರೆಯುತ್ತದೆ.

ಆದರೆ ಎಲ್ಲ ಕ್ಯಾಸೆಟ್ಟುಗಳೂ ಅಂಗಡಿಯಿಂದ ಬಂದವಲ್ಲ. ಖಾಲಿ ಕ್ಯಾಸೆಟ್ ಕೊಂಡು ಮನೆಯ ಟೇಪ್ ರೆಕಾರ್ಡರಿನಲ್ಲಿ ಜನ ತಮಗೆ ಬೇಕಾದುದನ್ನು ಮುದ್ರಿಸಿಕೊಂಡರು. ಮದುವೆಯ ಮನೆಯ ಸೋಬಾನೆ, ಅಜ್ಜಿಯ ರಾಗಿ ಬೀಸುವ ಪದ, ಊರ ಹಬ್ಬದ ಕೋಲಾಟ, ರಾತ್ರಿಯಿಡೀ ನಡೆದ ಮೂಡಲಪಾಯದ ಪ್ರಸಂಗ, ದೂರದ ಊರಿನಲ್ಲಿದ್ದ ಮಗನಿಗೆ ಕಾಗದದ ಬದಲು ಕಳಿಸಿದ ಮಾತು. ಹಾಸನ, ತುಮಕೂರು, ಮಂಡ್ಯ ಸೀಮೆಯ ಮೂಡಲಪಾಯ ಯಕ್ಷಗಾನದ ಮುಖವೀಣೆಯ ದನಿ ಯಾವ ಕಂಪೆನಿಯ ಪಟ್ಟಿಯಲ್ಲೂ ಇಲ್ಲದೆ ಇಂಥ ಕ್ಯಾಸೆಟ್ಟಿನಲ್ಲಿ ಮಾತ್ರ ಉಳಿದಿರಬಹುದು. ಇವು ಅಂತರ್ಜಾಲದಲ್ಲಿಲ್ಲ. ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿವೆ. ಮನೆಯ ಟೇಪ್ ರೆಕಾರ್ಡರ್ ಎಂದೋ ಗುಜರಿ ಸೇರಿದ ಮೇಲೆ, ಎಷ್ಟೋ ಕುಟುಂಬಗಳಲ್ಲಿ ಅವನ್ನು ಓದಬಲ್ಲ ಕಡೆಯ ಯಂತ್ರ ಹಳೆಯ ಕಾರಿನ ಡೆಕ್ಕೇ ಆಗಿತ್ತು. ಕಾರು ಮಾರಿದ ದಿನ ಅಜ್ಜಿಯೂ ಮೌನವಾದಳು.

ಈಗ ಮಾಡಬೇಕಾದುದು ಹಿಮ್ಮುಖದ ಜೋಡಣೆ. ಹೊಸ ಹಾಡನ್ನು ಹಳೆಯ ಡೆಕ್ಕಿಗೆ ಸೇರಿಸಿದ್ದಾಯಿತು, ಹಳೆಯ ಕ್ಯಾಸೆಟ್ಟಿನ ದನಿಯನ್ನು ಹೊಸ ಯಂತ್ರಕ್ಕೆ ದಾಟಿಸುವುದು ಉಳಿದಿದೆ. ಇದಕ್ಕೆ ಕಾರಿನ ಡೆಕ್ ಒಳ್ಳೆಯದಲ್ಲ, ಅದರಲ್ಲಿ ದನಿ ಹೊರತೆಗೆಯುವ ತೂತು ಸಾಮಾನ್ಯವಾಗಿ ಇರುವುದಿಲ್ಲ. ಸರಿಯಾಗಿ ಓಡುವ ಟೇಪ್ ರೆಕಾರ್ಡರನ್ನೋ ವಾಕ್‌ಮನ್ನನ್ನೋ ಹುಡುಕಿ, ಅದರ ಹೆಡ್‌ಫೋನ್ ತೂತಿನಿಂದ ಅದೇ 3.5 ಮಿಲಿಮೀಟರಿನ ತಂತಿಯನ್ನು ಕಂಪ್ಯೂಟರಿನ ಲೈನ್-ಇನ್ ತೂತಿಗೆ ಜೋಡಿಸಬೇಕು. ಕ್ಯಾಸೆಟ್ ಹಾಕುವ ಮೊದಲು ಅದರ ಬೆನ್ನಿನ ಮೇಲಿರುವ ಎರಡು ಪುಟ್ಟ ಪ್ಲಾಸ್ಟಿಕ್ ಹಲ್ಲುಗಳನ್ನು ಮುರಿದರೆ, ಮರೆತು ರೆಕಾರ್ಡ್ ಗುಂಡಿ ಒತ್ತಿದರೂ ಹಳೆಯ ದನಿ ಅಳಿಯುವುದಿಲ್ಲ. ಟೇಪಿನ ಅಂಚಿನಲ್ಲಿ ಬಿಳಿಯ ಬೂಷ್ಟು ಕಂಡರೆ ನುಡಿಸಬಾರದು. ಅದು ಹೆಡ್ಡಿಗೆ ಅಂಟಿ ಮುಂದಿನ ಕ್ಯಾಸೆಟ್ಟಿಗೂ ಹರಡುತ್ತದೆ. ಅಂಥದನ್ನು ತಿಳಿದವರ ಕೈಗೇ ಕೊಡಬೇಕು.

ದನಿಯನ್ನು ಮೊದಲು ಏನನ್ನೂ ಕೈಬಿಡದ 'ವೇವ್' ರೂಪದಲ್ಲಿ ಉಳಿಸುವುದು ಒಳ್ಳೆಯದು. ಗಂಟೆಗೆ 600 ಮೆಗಾಬೈಟಿನಷ್ಟು ಜಾಗ ಬೇಕು, ಇಂದು ಅದು ದೊಡ್ಡದಲ್ಲ. ಫೋನಿಗೂ ವಾಹನಕ್ಕೂ ಅದರಿಂದ ಎಂಪಿ-3 ಮಾಡಿಕೊಳ್ಳಬಹುದು. ಎರಡು ಪ್ರತಿಗಳನ್ನು ಎರಡು ಮನೆಗಳಲ್ಲಿ ಇಟ್ಟರೆ ಕ್ಷೇಮ. ಒಂದು ಗಂಟೆಯ ಕ್ಯಾಸೆಟ್ಟಿಗೆ ಒಂದು ಗಂಟೆಯೇ ಬೇಕು, ಇಲ್ಲಿ ಅವಸರಕ್ಕೆ ಉಪಾಯವಿಲ್ಲ. ಆ ಒಂದು ಗಂಟೆ ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಹಾಡಿದವರು ಯಾರು, ಯಾವ ಊರು, ಯಾರ ಮದುವೆ, ಯಾವ ವರ್ಷ ಎಂದು ಕೇಳಿ ಬರೆದಿಡಬೇಕು. ಟೇಪು ದನಿಯನ್ನು ಉಳಿಸಿಕೊಟ್ಟೀತು, ಹೆಸರನ್ನು ಉಳಿಸುವುದು ನೆನಪಿರುವವರು ಮಾತ್ರ. ಟೇಪಿಗೂ ಅವರಿಗೂ ವಯಸ್ಸಾಗುತ್ತಿದೆ.